ಕೋಟಿನ ಗುಂಡಿ, ಅಂಗಿ ಗುಂಡಿ

ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು, ಕತ್ತು ಹಿಂದಕ್ಕೆ ಚಾಚಿ ಕೂತ ಮನುಷ್ಯನ ಜೊತೆ ವಾದ ಮಾಡಬಾರದು. ಕ್ಷೌರದಂಗಡಿಯ ಮೊದಲ ಪಾಠ ಇದು, ಕತ್ತರಿ ಹಿಡಿಯುವುದು ಎರಡನೆಯದು. ಕತ್ತಿ ನಮ್ಮದು, ಕತ್ತು ಅವರದು. ಇಬ್ಬರಲ್ಲಿ ಯಾರಿಗೆ ಸಿಟ್ಟು ಬಂದರೂ ಕೆಟ್ಟದ್ದೇ. ಹಳೇ ಮಾರ್ಕೆಟ್ಟಿನ ಮೂಲೆಯಲ್ಲಿ ಎರಡು ಕುರ್ಚಿಯ ಅಂಗಡಿ ಇಟ್ಟಿದ್ದ ನಮ್ಮ ಕ್ಷೌರಿಕ ಈ ಪಾಠವನ್ನು ಎಷ್ಟು ಚೆನ್ನಾಗಿ ಅರೆದು ಕುಡಿದಿದ್ದನೆಂದರೆ, ಊರು ಅವನ ಹೆಸರನ್ನೇ ಮರೆತು ಹೌದಪ್ಪ ಎಂದು ಕರೆಯುತ್ತಿತ್ತು. ನಾಳೆ ಮಳೆ ಎಂದವರಿಗೂ ಹೌದು, ನಾಳೆ ಬಿಸಿಲು ಎಂದವರಿಗೂ ಹೌದು. ಸೊಸೆಯನ್ನು ಬೈಯುವ ಮುದುಕನಿಗೂ ಹೌದು, ಅದೇ ಮುದುಕನನ್ನು ಬೈಯುವ ಮಗನಿಗೂ ಹೌದು. ಹೌದಪ್ಪನ ಚಾವಡಿ ಎಂಬ ಗಾದೆ ಇದೆಯಲ್ಲ, ಅದಕ್ಕೊಂದು ಕನ್ನಡಿ ತಗುಲಿಸಿದರೆ ಇವನ ಅಂಗಡಿ.

ಇಂಥ ಹೌದಪ್ಪ ದೇಶದ ಅಧ್ಯಕ್ಷರನ್ನು ಆರಿಸಲು ಹೊರಟು ನಿಂತ ಅಂದರೆ ನೀವು ನಂಬಬೇಕು.

ಇಲ್ಲಿ ಅಧ್ಯಕ್ಷರಿಗೆ ಜನ ನೇರವಾಗಿ ಓಟು ಹಾಕುವುದಿಲ್ಲ. ಊರು ದೊಡ್ಡದಿರಲಿ, ಚಿಕ್ಕದಿರಲಿ, ಊರಿಗೊಬ್ಬ ಪ್ರತಿನಿಧಿಯನ್ನು ಆರಿಸಿ ಕಳಿಸುತ್ತಾರೆ. ಆ ಪ್ರತಿನಿಧಿಗಳೆಲ್ಲ ರಾಜಧಾನಿಯ ಸಭಾಂಗಣದಲ್ಲಿ ಸೇರುತ್ತಾರೆ. ತಮ್ಮ ಊರಿನ ಸರದಿ ಬಂದಾಗ ಎದ್ದು ನಿಂತು, ಯಾರು ಅಧ್ಯಕ್ಷರಾಗಬೇಕೋ ಅವರ ಹೆಸರನ್ನು ಇಡೀ ಸಭೆಗೆ ಕೇಳುವಂತೆ ಹೇಳಬೇಕು. ಇಂಥವರ ಹೆಸರನ್ನೇ ಹೇಳಬೇಕೆಂಬ ಕಟ್ಟಳೆ ಇಲ್ಲ, ಅದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಆ ವರ್ಷ ಕಣದಲ್ಲಿ ಇಬ್ಬರಿದ್ದರು. ಒಬ್ಬರು ಡಾಕ್ಟರಮ್ಮ. ತಾನು ಗೆದ್ದರೆ ಈ ಪದ್ಧತಿಯನ್ನೇ ಕಿತ್ತುಹಾಕಿ, ಇನ್ನು ಮುಂದೆ ಪ್ರತಿಯೊಬ್ಬರ ಓಟೂ ನೇರವಾಗಿ ಅಧ್ಯಕ್ಷರಿಗೇ ಬೀಳುವಂತೆ ಮಾಡುತ್ತೇನೆ ಎಂದು ಅವರು ಸಾರಿದ್ದರು. ಇನ್ನೊಬ್ಬರು ವಕೀಲರು. ಇರುವುದೇ ಚೆನ್ನ, ಮುಟ್ಟಬೇಡಿ ಎನ್ನುವುದು ಅವರ ಮಾತು.

ಊರಿನಲ್ಲಿ ಡಾಕ್ಟರಮ್ಮನ ಕಡೆಯ ಮುಖಂಡ ಅಂಗಡಿಯ ಪಕ್ಕದ ಟೈಲರ್. ಹೌದಪ್ಪನ ಕುರ್ಚಿಯಲ್ಲಿ ಕೂತು ಅವನು ಗುಡುಗುತ್ತಿದ್ದ.

"ದೊಡ್ಡ ಪಟ್ಟಣಕ್ಕೂ ಒಬ್ಬನೇ ಪ್ರತಿನಿಧಿ, ನಮ್ಮ ಊರಿಗೂ ಒಬ್ಬನೇ. ಆ ಪಟ್ಟಣದವರು ಏನು ಪಾಪ ಮಾಡಿದ್ರು ಹೇಳು! ಹೋದ ಸಲ ಜನ ಜಾಸ್ತಿ ಇದ್ದಿದ್ದು ಒಬ್ರ ಕಡೆ, ಗೆದ್ದಿದ್ದು ಇನ್ನೊಬ್ರು. ಇದ್ಯಾವ ನ್ಯಾಯ?"

"ಹೌದು," ಎನ್ನುತ್ತಿದ್ದ ಹೌದಪ್ಪ. ಮನಸ್ಸಾರೆ ಎನ್ನುತ್ತಿದ್ದ, ಅದೇ ತಮಾಷೆ.

ವಕೀಲರ ಕಡೆಯ ಮುಖಂಡ ಹೌದಪ್ಪನ ಹೆಂಡತಿಯ ಅಪ್ಪ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ಮನುಷ್ಯ, ಮಾತಾಡಿದರೆ ಈಗಲೂ ಹಿಂದಿನ ಸೀಟಿನವರೆಗೆ ಕೇಳಬೇಕು. ದಿನ ಬಿಟ್ಟು ದಿನ ಗಡ್ಡಕ್ಕೆ ಬರುತ್ತಿದ್ದ.

"ಅಳಿಯಂದ್ರೇ, ಊರಿಗೊಬ್ಬ ಅಂತ ಇರೋದಕ್ಕೇ ಆ ವಕೀಲರು ನಮ್ಮ ಬಸ್ ಸ್ಟ್ಯಾಂಡಿಗೆ ಬಂದು ಕೈ ಮುಗಿದ್ರು. ಇಲ್ಲಾಂದ್ರೆ ನಮ್ಮನ್ನ ಯಾರು ಮೂಸಿ ನೋಡ್ತಿದ್ರು? ನೇರ ಓಟು ಬರಲಿ, ನಾಲ್ಕು ದೊಡ್ಡ ಪಟ್ಟಣ ಸುತ್ತಿ ಮನೆಗೆ ಹೋಗ್ತಾರೆ. ನಮ್ಮಂಥ ಊರಿಗೆ ಸ್ಟಾಪೇ ಇರಲ್ಲ!"

"ಹೌದು ಮಾವ," ಎನ್ನುತ್ತಿದ್ದ ಹೌದಪ್ಪ, ಅದನ್ನೂ ಮನಸ್ಸಾರೆಯೇ.

ಟೈಲರಿಗೂ ಮಾವನಿಗೂ ಎಣ್ಣೆ ಸೀಗೆಕಾಯಿ. ಮಾವನ ಪ್ಯಾಂಟನ್ನು ಟೈಲರ್ ಹಿಂದೆಂದೋ ಗಿಡ್ಡ ಮಾಡಿದ್ದ, ಅಲ್ಲಿಂದ ಮಾತಿಲ್ಲ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಜಾಣತನ ಮಾಡಿದರು. ಹೌದಪ್ಪನನ್ನು ಊರಿನ ಪ್ರತಿನಿಧಿಯಾಗಿ ನಿಲ್ಲಿಸಿದರೆ ಎದುರು ಪಕ್ಷದವರೂ ತುಟಿ ಬಿಚ್ಚುವುದಿಲ್ಲ, ಅವನು ಹೇಗೂ ನಮ್ಮವನೇ ತಾನೆ! ಟೈಲರ್ ತಲೆ ಬಗ್ಗಿಸಿಕೊಂಡು ಕೇಳಿದ, ಹೌದಪ್ಪ ಹೌದು ಎಂದ. ಮಾವ ಮರುದಿನ ನೊರೆಯೊಳಗಿಂದ ಕೇಳಿದ, ಹೌದಪ್ಪ ಹೌದು ಮಾವ ಎಂದ. ಬೇರೆ ಯಾರೂ ನಿಲ್ಲಲಿಲ್ಲ. ಅವಿರೋಧ ಆಯ್ಕೆ!

ಸುದ್ದಿ ಬಂದ ಮಧ್ಯಾಹ್ನ ಮಾರ್ಕೆಟ್ ಬೀದಿಯ ಒಂದು ತುದಿಯಿಂದ ಟೈಲರಿನ ದಂಡು, ಇನ್ನೊಂದು ತುದಿಯಿಂದ ಮಾವನ ದಂಡು ಡೋಲು ಬಡಿಯುತ್ತ ಹೊರಟವು. ಎರಡೂ ಅಂಗಡಿಯ ಬಾಗಿಲಲ್ಲಿ ಮುಖಾಮುಖಿಯಾದವು. ಡೋಲುಗಳು ಒಂದೊಂದಾಗಿ ನಿಂತವು.

"ನೀವ್ಯಾಕೆ ಬಂದ್ರಿ?" ಎಂದ ಟೈಲರ್. ಎಷ್ಟೋ ವರ್ಷದ ಮೇಲೆ ಅವರ ನಡುವೆ ಹುಟ್ಟಿದ ಮೊದಲ ಮಾತು ಅದು.

"ನನ್ನ ಅಳಿಯ ಗೆದ್ದಿದ್ದಾನೆ, ನಾನು ಬರದೆ ನೀನು ಬರ್ತೀಯಾ? ಅವನು ವಕೀಲರ ಕಡೆಯವನು!"

"ಯಾರು ಹೇಳಿದ್ದು? ಅವನು ನನ್ನ ಮುಂದೆ ಡಾಕ್ಟರಮ್ಮನಿಗೆ ಅಂತ ಒಪ್ಪಿಕೊಂಡಿದ್ದಾನೆ!"

ಎಲ್ಲರ ಕಣ್ಣೂ ಹೌದಪ್ಪನ ಮೇಲೆ ಬಿದ್ದವು. ಅವನ ಕೈಯಲ್ಲಿ ಬಾಚಣಿಗೆ ಇತ್ತು, ಬಾಯಲ್ಲಿ ಏನೂ ಇರಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವನಿಗೆ ಎರಡೂ ದೋಣಿ ಒಟ್ಟಿಗೆ ಹೊರಟರೆ ಹೇಗಾಗಬೇಡ? ಯಾರೋ ಕೂಗಿದರು, ಯಾರೋ ತಳ್ಳಿದರು, ಹೊರಗಿನ ಬೆಂಚು ಮಗುಚಿತು. ಟವೆಲ್ ಮಡಚುತ್ತಿದ್ದ ಹೆಂಡತಿ ಎದ್ದವಳೇ ಅಂಗಡಿಯ ಶಟರನ್ನು ಸರ್ರನೆ ಕೆಳಗೆಳೆದಳು.

"ರೀ, ಈಗ ನನ್ನ ಮುಂದೆ ಹೇಳಿ. ನಿಮಗೆ ಯಾರು ಬೇಕು?"

"ಇಬ್ರು ಹೇಳೋದೂ ಸರಿ ಅನ್ಸುತ್ತೆ ಕಣೇ."

"ಅಯ್ಯೋ ನನ್ನ ಕರ್ಮವೇ! ನಾಡಿದ್ದು ಆ ಸಭೆಯಲ್ಲಿ ಎದ್ದು ನಿಂತು ಹೌದು ಅಂತೀರಾ? ಅಲ್ಲಿ ಒಂದು ಹೆಸರು ಹೇಳಬೇಕು ರೀ, ಒಂದು ಹೆಸರು!"

ಹೊರಗೆ ಶಟರನ್ನು ದಬದಬ ಬಡಿಯುತ್ತಿದ್ದರು. ಯಾರ ಹೆಸರು ಹೇಳಿದರೂ ಅರ್ಧ ಊರಿಗೆ ಮೋಸ. ಬಾಳಿಡೀ ಯಾರಿಗೂ ಇಲ್ಲ ಎನ್ನದವನಿಗೆ ಅರ್ಧ ಊರಿಗೆ ಒಂದೇ ಏಟಿಗೆ ಇಲ್ಲ ಎನ್ನುವ ಕಾಲ ಬಂದಿತ್ತು. ಹೆಂಡತಿ ಕನ್ನಡಿಯ ಕೆಳಗಿನ ಹಲಗೆಯನ್ನೇ ನೋಡುತ್ತಿದ್ದಳು. ಅಲ್ಲಿ ಎರಡು ದೊಡ್ಡ ಗಾಜಿನ ಜಾಡಿಗಳಿದ್ದವು, ಒಂದರಲ್ಲಿ ಹತ್ತಿ, ಒಂದರಲ್ಲಿ ಬಾಚಣಿಗೆ.

"ನಿಮಗೆ ಗೊತ್ತಿಲ್ಲ ಅಂದ್ರೆ ಊರನ್ನೇ ಕೇಳಿ," ಎಂದಳು.

ಐದು ನಿಮಿಷದ ಮೇಲೆ ಶಟರ್ ಮೇಲೆದ್ದಿತು. ಹೌದಪ್ಪ ಕ್ಷೌರದ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಆ ಕುರ್ಚಿ ತಿರುಗುವ ಜಾತಿಯದು, ಹೆಂಡತಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನಾಳೆ ಎಲ್ರೂ ಬನ್ನಿ," ಎಂದ. "ಪರದೆ ಹಿಂದೆ ಎರಡು ಜಾಡಿ ಇಡ್ತೀವಿ. ಆಳಿಗೊಂದು ಗುಂಡಿ ಕೊಡ್ತೀವಿ. ಯಾರಿಗೆ ಬೇಕೋ ಅವರ ಜಾಡಿಗೆ ಹಾಕಿ. ಯಾವ ಜಾಡಿ ಗೆಲ್ಲುತ್ತೋ ಆ ಹೆಸರನ್ನ ನಾನು ಅಲ್ಲಿ ಹೇಳ್ತೀನಿ. ಮಾತು ಕೊಟ್ಟೆ."

ಗುಂಡಿ ಎಂದರೆ ಅಂಗಿಗೆ ಹೊಲಿಯುವ ಗುಂಡಿ. ಟೈಲರಿನ ಹತ್ತಿರ ಉಳಿದ ಬಳಿದ ಗುಂಡಿಗಳ ಮೂಟೆಯೇ ಇತ್ತು. ಮಾವ ಬಾಗಿಲು ಕಾಯಲು ಒಪ್ಪಿದ. ಜನರನ್ನು ಸಾಲು ಹಚ್ಚುವ ಕೆಲಸ ಕಂಡಕ್ಟರಿಗಿಂತ ಬೇರೆ ಯಾರಿಗೆ ಬರಬೇಕು?

ಮರುದಿನ ಅಂಗಡಿ ಕಂಡ ಸಂಭ್ರಮವನ್ನು ಏನು ಹೇಳಲಿ! ಬೆಳಕು ಹರಿಯುವ ಹೊತ್ತಿಗೆ ಗಿರಣಿ ಕೆಲಸಕ್ಕೆ ಹೋಗುವವರು ಬುತ್ತಿ ಹಿಡಿದು ಬಂದರು. ಆಮೇಲೆ ಅಂಗಡಿಯವರು, ಮೇಷ್ಟರುಗಳು, ಕೋಲೂರಿಕೊಂಡ ಅಜ್ಜಿಯರು. ಗಂಡಸರ ಕ್ಷೌರದಂಗಡಿಯೊಳಗೆ ಎಂದೂ ಕಾಲಿಡದ ಹೆಂಗಸರು ಒಳಬಂದು, ಕನ್ನಡಿಯಲ್ಲಿ ತಲೆ ಸರಿಮಾಡಿಕೊಂಡು, ಪರದೆಯ ಹಿಂದೆ ಹೋಗಿ ಟಣ್ ಎನಿಸಿ ಬಂದರು. "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ!" ಎಂದು ಮಾವ ಕೂಗಿದ್ದೇ ಕೂಗಿದ್ದು. ನಿವೃತ್ತಿಯಾದ ಮೇಲೆ ಅವನು ಇಷ್ಟು ಖುಷಿಯಾಗಿದ್ದದ್ದನ್ನು ಮಗಳು ಕಂಡಿರಲಿಲ್ಲ. ಒಬ್ಬ ಗಂಡ ಹೊರಬಂದವನೇ ಹೆಂಡತಿಯನ್ನು, "ಯಾರಿಗೆ ಹಾಕ್ದೆ?" ಎಂದ. ಅವಳು, "ಜಾಡಿಗೆ," ಎಂದಳು. ಸಾಲಿಗೆ ಸಾಲೇ ನಕ್ಕಿತು.

ಸಂಜೆ ನಾಲ್ಕರ ಹೊತ್ತಿಗೆ ಸಾಲು ಮುಗಿಯಿತು. ಜಾಡಿಗಳಿಗೆ ಸುತ್ತಿದ್ದ ಟವೆಲನ್ನು ಹೆಂಡತಿ ಬಿಚ್ಚಿದಳು. ಊರೆಲ್ಲ ಇಣುಕಿತು. ಡಾಕ್ಟರಮ್ಮನ ಜಾಡಿ ಎರಡು ಬೆರಳು ಮೇಲಿತ್ತು!

ಟೈಲರ್ ನೆಲದಿಂದ ಒಂದು ಗೇಣು ಎಗರಿದ. ಡೋಲಿನವನು ಕೋಲೆತ್ತಿದ. ಆದರೆ ಮಾವ ಜಾಡಿಯೊಳಗೆ ಕೈಹಾಕಿ, ರೂಪಾಯಿಯಗಲದ ಒಂದು ಕರಿ ಗುಂಡಿಯನ್ನು ಎತ್ತಿ ಹಿಡಿದ.

"ಇದೇನಿದು?"

"ಕೋಟಿನ ಗುಂಡಿ," ಎಂದ ಟೈಲರ್.

"ಇದು?" ಎಂದು ವಕೀಲರ ಜಾಡಿಯಿಂದ ಮೂಗುಬೊಟ್ಟಿನಷ್ಟು ಚಿಕ್ಕದೊಂದನ್ನು ತೆಗೆದ.

"ಅಂಗಿ ಗುಂಡಿ."

ಮೋಸವೇನೂ ಆಗಿರಲಿಲ್ಲ. ಮೂಟೆಯ ಬಾಯಲ್ಲಿ ಕೋಟಿನ ಗುಂಡಿಗಳಿದ್ದವು, ತಳದಲ್ಲಿ ಅಂಗಿಯವು. ಬೆಳಿಗ್ಗೆ ಮೊದಲು ಬಂದ ಗಿರಣಿಯವರಿಗೆ ಮೇಲಿನವು ಸಿಕ್ಕಿದ್ದವು, ಅವರಲ್ಲಿ ಹೆಚ್ಚಿನವರು ಡಾಕ್ಟರಮ್ಮನ ಕಡೆ. ದಿನವೆಲ್ಲ ಬಟ್ಟೆಗೆ ತಕ್ಕ ಗುಂಡಿ ಆರಿಸುವ ಟೈಲರಿಗೆ ಓಟಿಗೆ ತಕ್ಕ ಗುಂಡಿ ಎಂಬುದೊಂದು ಇದೆ ಎಂದು ಹೊಳೆದಿರಲಿಲ್ಲ. ಆದರೆ ಮಾವ ಇದನ್ನೆಲ್ಲ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಜಾಡಿ ಎತ್ತರ ನೋಡಿ ಯಾರೂ ಗೆಲ್ಲಕ್ಕಾಗಲ್ಲ! ಒಂದೊಂದೇ ಎಣಿಸಿ! ನಮ್ಮ ಬಸ್ಸಲ್ಲಿ ದಪ್ಪಗಿದ್ದವನಿಗೂ ಒಂದೇ ಟಿಕೆಟ್ಟು, ಸಣಕಲಿಗೂ ಒಂದೇ ಟಿಕೆಟ್ಟು! ಯಾವ ಊರಲ್ಲಿ ಹತ್ತಿದ ಅಂತ ಯಾರೂ ಕೇಳಲ್ಲ. ಆಳಿಗೊಂದು! ಕೇಳಿಸ್ತಾ? ಆಳಿಗೊಂದು!"

ಟೈಲರಿನ ಮುಖದ ಮೇಲೆ ಮೆಲ್ಲಗೆ ಒಂದು ನಗು ಅರಳಿತು.

"ಯಜಮಾನ್ರೇ, ಇನ್ನೊಂದು ಸಲ ಹೇಳಿ."

"ಆಳಿಗೊಂದು!"

"ಊರಿಗೊಂದು ಅಲ್ಲ ತಾನೆ?"

ಇಷ್ಟು ದಿನ ಟೈಲರ್ ಗಂಟಲು ಹರಿದುಕೊಂಡು ಹೇಳುತ್ತಿದ್ದದ್ದನ್ನು ಮಾವ ಒಂದೇ ಉಸಿರಿನಲ್ಲಿ, ಅದೂ ಊರಿನ ಮುಂದೆ ಒಪ್ಪಿಬಿಟ್ಟಿದ್ದ. ನಗೆ ಮೊದಲು ಅಜ್ಜಿಯರ ಕಡೆಯಿಂದ ಶುರುವಾಗಿ ಬೀದಿಯವರೆಗೆ ಹೋಯಿತು. ಹೌದಪ್ಪ ಮಾತ್ರ ನಗಲಿಲ್ಲ. ಅವನು ಆ ಎರಡು ಗುಂಡಿಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದ. ಆಳಿಗೊಂದು. ಎಷ್ಟು ಸರಳವಾಗಿದೆಯಲ್ಲ! ಅವನ ಬದುಕಿನಲ್ಲಿ ಮೊದಲ ಸಲ, ಯಾರೂ ಕೇಳದೆ, ಯಾರ ತಲೆಯೂ ಕೈಕೆಳಗಿಲ್ಲದೆ, ಅವನಿಗೊಂದು ಅಭಿಪ್ರಾಯ ಹುಟ್ಟಿತು. ಡಾಕ್ಟರಮ್ಮ ಹೇಳುವುದೇ ಸರಿ. ಕುಣಿಯಬೇಕು ಎನಿಸಿತು.

ಗುಂಡಿಗಳನ್ನು ಟವೆಲಿನ ಮೇಲೆ ಜೋಡಿ ಜೋಡಿಯಾಗಿ ಇಡುತ್ತ ಬಂದರು. ಈ ಜಾಡಿಯಿಂದ ಒಂದು, ಆ ಜಾಡಿಯಿಂದ ಒಂದು. ಜೋಡಿ ಸಾಲು ಟವೆಲ್ ದಾಟಿ ಟವೆಲಿಗೆ ಹೋಯಿತು. ಕೊನೆಗೆ ಡಾಕ್ಟರಮ್ಮನ ಜಾಡಿ ಬರಿದಾಯಿತು. ವಕೀಲರ ಜಾಡಿಯ ತಳದಲ್ಲಿ ಒಂದು ಹಿಡಿ ಅಂಗಿ ಗುಂಡಿಗಳು ಇನ್ನೂ ಇದ್ದವು.

ಮಾವನ ಕಡೆಯವರು ಸೂರು ಹಾರುವಂತೆ ಕೂಗಿದರು. ಹೌದಪ್ಪನ ಮನಸ್ಸಿಗೊಂದು ಹೆಸರು ಸಿಕ್ಕಿದ್ದು ಈಗಷ್ಟೇ, ಬಾಯಿಂದ ಬರಬೇಕಾದದ್ದು ಇನ್ನೊಂದು!

ಬೆಳಿಗ್ಗೆ ರಾಜಧಾನಿಯ ಬಸ್ಸಿಗೆ ಕಳಿಸಲು ಎಲ್ಲರೂ ಬಂದರು. ಟೈಲರ್ ಕಿಟಕಿಯ ಸರಳು ಹಿಡಿದು ಪಿಸುಗುಟ್ಟಿದ.

"ನಿನ್ನ ಮುಖ ನಿನ್ನೆನೇ ನೋಡ್ದೆ ಕಣೋ. ನೀನು ಈಗ ನಿಜವಾಗ್ಲೂ ನಮ್ಮವನು. ಕಾನೂನು ಏನು ಹೇಳುತ್ತೆ? ಆತ್ಮಸಾಕ್ಷಿ! ಜಾಡಿಗೀಡಿ ಎಲ್ಲ ಕಾನೂನಲ್ಲಿಲ್ಲ. ಡಾಕ್ಟರಮ್ಮನ ಹೆಸರು ಹೇಳಿಬಿಡು. ಒಂದು ಸಲ ಹೇಳಿದ್ರೆ ಎಲ್ಲಾ ಕಾಲಕ್ಕೂ ಸರಿಹೋಗುತ್ತೆ."

ಹೌದಪ್ಪ ಹೌದು ಎನ್ನಲಿಲ್ಲ. ಹೆಂಡತಿ ಆ ಮಿಕ್ಕ ಹಿಡಿ ಗುಂಡಿಗಳನ್ನು ಕರವಸ್ತ್ರದಲ್ಲಿ ಕಟ್ಟಿ ಅವನ ಜೇಬಿಗೆ ತುರುಕಿದಳು.

"ನಾನು ಯಾರಿಗೆ ಹಾಕಿದೆ ಅಂತ ಕೇಳಬೇಡಿ," ಎಂದಳು. "ಹೋಗಿಬನ್ನಿ. ಗಟ್ಟಿಯಾಗಿ ಹೇಳಿ, ಗೊಣಗಬೇಡಿ."

ಸಭಾಂಗಣ ಎಂದರೆ ಸಭಾಂಗಣ. ತಲೆಯೆತ್ತಿದರೆ ಟೋಪಿ ಬೀಳುವ ಎತ್ತರ, ಗೋಡೆಯ ಮೇಲೆ ಎರಡು ಹೆಸರಿನ ದೊಡ್ಡ ಹಲಗೆ, ಕ್ಯಾಮೆರಾಗಳ ಸಾಲು. ಊರಿನವರೆಲ್ಲ ಈಗ ಅವನದೇ ಅಂಗಡಿಯ ಟಿವಿಯ ಮುಂದೆ ಕೂತಿರುತ್ತಾರೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ದೊಡ್ಡ ಪಟ್ಟಣವೊಂದರ ಪ್ರತಿನಿಧಿ. ಅವಳಾಗಿಯೇ ಮಾತು ತೆಗೆದಳು.

"ನಮ್ಮ ಒಂದು ಬೀದಿಯಲ್ಲಿ ನಿಮ್ಮ ಊರು ಹಿಡಿಸಿಬಿಡುತ್ತೆ. ಆದ್ರೂ ನನಗೂ ಒಂದೇ ಹೆಸರು, ನಿಮಗೂ ಒಂದೇ. ನಗು ಬರುತ್ತೆ ಅಲ್ವಾ?"

"ಬರಲ್ಲ," ಎಂದ ಹೌದಪ್ಪ. ತಾನು ಹಾಗೆ ಅಂದದ್ದು ಕೇಳಿ ತಾನೇ ಬೆಚ್ಚಿದ.

ಊರುಗಳ ಹೆಸರು ಕೂಗತೊಡಗಿದರು. ಡಾಕ್ಟರಮ್ಮ. ವಕೀಲರು. ವಕೀಲರು. ಡಾಕ್ಟರಮ್ಮ. ಹಲಗೆಯ ಮೇಲೆ ಒಮ್ಮೆ ಇವರು ಮುಂದೆ, ಒಮ್ಮೆ ಅವರು. ಒಬ್ಬೊಬ್ಬರು ಎದ್ದಾಗಲೂ ಸಭೆ ಹೋ ಎನ್ನುತ್ತಿತ್ತು. ಹೌದಪ್ಪನ ಊರು ಪಟ್ಟಿಗೆ ಎಲ್ಲಕ್ಕಿಂತ ತಡವಾಗಿ ಸೇರಿದ್ದು, ಆದ್ದರಿಂದ ಕೊನೆಗೆ. ಕೊನೆಯ ಊರಿಗೆ ಬರುವ ಹೊತ್ತಿಗೆ ಎರಡೂ ಕಡೆ ಸಮಸಮ ನಿಂತಿತು. ಕಥೆಗೆ ಬೇಕೆಂದು ಹೀಗೆ ಹೇಳುತ್ತಿದ್ದಾನೆ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ. ಒಬ್ಬ ಎದ್ದು ನಿಂತು ಬಾಯಿ ತೆರೆದರೆ ದೇಶ ತಿರುಗುವ ಪದ್ಧತಿಯಲ್ಲಿ ಎಂದಾದರೂ ಒಂದು ದಿನ ಹೀಗಾಗಲೇಬೇಕು.

ಅವನ ಊರಿನ ಹೆಸರು ಕೂಗಿದರು. ಹೌದಪ್ಪ ಎದ್ದ. ಮುಂದಿನ ಸಾಲಿನಲ್ಲಿ ಕೂತ ಡಾಕ್ಟರಮ್ಮ ಹಿಂತಿರುಗಿ ಅವನನ್ನೇ ನೋಡಿದರು. ಅವರ ಹೆಸರು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟರೆ ಮುಗಿಯಿತು, ಇನ್ನೆಂದೂ ಯಾವ ಕ್ಷೌರಿಕನೂ ಇಲ್ಲಿ ಹೀಗೆ ಬೆವರಬೇಕಾಗಿಲ್ಲ. ಎಷ್ಟು ಆಸೆಯಾಯಿತು ಅವನಿಗೆ! ಜೇಬಿನಲ್ಲಿ ಕರವಸ್ತ್ರದ ಗಂಟು ಕೈಗೆ ಸಿಕ್ಕಿತು. ಒಳಗಿನ ಒಂದೊಂದು ಗುಂಡಿಯೂ ಬೆರಳಿಗೆ ಬೇರೆ ಬೇರೆಯಾಗಿ ತಾಗಿತು. ಕೋಲೂರಿಕೊಂಡು ಬಂದ ಅಜ್ಜಿ, ಜಾಡಿಗೆ ಎಂದು ಉತ್ತರ ಕೊಟ್ಟ ಹೆಂಗಸು. ಆಳಿಗೊಂದು ಎನ್ನುವುದು ನಿಜವಾದರೆ, ಅವರೆಲ್ಲರ ಮೇಲೆ ತನ್ನದೊಂದನ್ನು ಎತ್ತಿ ಇಡುವುದು ಹೇಗೆ? ಡಾಕ್ಟರಮ್ಮ ನಿಲ್ಲಿಸಬೇಕು ಎನ್ನುತ್ತಿರುವುದೇ ಅದನ್ನಲ್ಲವೆ?

ಹೌದಪ್ಪ ಗಟ್ಟಿಯಾಗಿ, ಗೊಣಗದೆ, ವಕೀಲರ ಹೆಸರು ಹೇಳಿದ.

ಆಮೇಲಿನ ಗದ್ದಲವನ್ನು ಅವನು ಕೇಳಲಿಲ್ಲ. ಕೂತುಕೊಂಡು ಕಣ್ಣೊರೆಸಿಕೊಂಡ.

ಊರಿಗೆ ಮರಳಿದಾಗ ಡೋಲು ಬಡಿದವರು ಒಂದೇ ಕಡೆಯವರು. ಮರುದಿನ ಅಂಗಡಿ ತೆಗೆದಾಗ ಟೈಲರ್ ಬಂದು ಬೆಂಚಿನ ಮೇಲೆ ಕೂತ, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಮಾವ ಹೊಸ ಅಂಗಿ ತೊಟ್ಟು ಬಂದು ಕುರ್ಚಿಯಲ್ಲಿ ಕತ್ತು ಚಾಚಿದ. ಹೌದಪ್ಪ ನೊರೆ ಹಚ್ಚಿ, ಕತ್ತಿ ಮಸೆದು, ಎಡಗಲ್ಲವನ್ನು ಮುಗಿಸಿದ.

"ಅಳಿಯಂದ್ರೇ, ನೀವು ನಮ್ಮ ಮಾನ ಉಳಿಸಿದ್ರಿ," ಎಂದ ಮಾವ, ಟೈಲರಿಗೂ ಕೇಳಲಿ ಎಂದು. "ನೋಡಿ, ಇಡೀ ದೇಶ ನಮ್ಮಂಥ ಚಿಕ್ಕ ಊರಿನ ಬಾಯಿ ನೋಡ್ತಾ ಕೂತಿತ್ತು! ಇದಕ್ಕಿಂತ ಒಳ್ಳೆ ಪದ್ಧತಿ ಇನ್ನೊಂದಿಲ್ಲ. ಹೌದೋ ಅಲ್ವೋ?"

"ಅಲ್ಲ ಮಾವ."

ಬೆಂಚಿನ ಮೇಲಿನ ಪೇಪರ್ ಕೆಳಗಿಳಿಯಿತು. ಒಳಗೆ ಟವೆಲ್ ಮಡಚುತ್ತಿದ್ದ ಕೈ ನಿಂತಿತು.

"ಏನಂದ್ರಿ?"

"ಅಲ್ಲ ಅಂದೆ. ಡಾಕ್ಟರಮ್ಮ ಹೇಳಿದ್ದೇ ಸರಿ ಮಾವ. ಮುಂದಿನ ಸಲವಾದ್ರೂ ಬದಲಾಯಿಸಬೇಕು."

"ಹಾಗಾದ್ರೆ ಅಲ್ಲಿ ವಕೀಲರ ಹೆಸರು ಯಾಕೆ ಹೇಳಿದ್ರಿ?"

"ಅದು ಊರಿನ ಓಟು, ನಾನು ತಗೊಂಡು ಹೋಗಿ ಕೊಟ್ಟುಬಂದೆ, ಅಷ್ಟೇ. ಜಾಡಿಗೆ ಎಲ್ರೂ ಗುಂಡಿ ಹಾಕಿದ್ರು, ನಾನು ಹಾಕಿಲ್ಲ. ಇಡೀ ದೇಶದ ಅಧ್ಯಕ್ಷರನ್ನ ಮಾಡಿಬಂದೆ ಮಾವ, ಆದ್ರೆ ನನ್ನ ಓಟು ಇನ್ನೂ ನನ್ನ ಹತ್ರನೇ ಇದೆ. ಅದನ್ನ ಎಲ್ಲಿ ಹಾಕಲಿ, ನೀವೇ ಹೇಳಿ."

ಮಾವ ಕನ್ನಡಿಯಲ್ಲಿ ಅಳಿಯನನ್ನು ನೋಡಿದ. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತವನು ಅಂದೇ ಮೊದಲ ಸಲ ಅವನನ್ನು ಸರಿಯಾಗಿ ನೋಡಿದಂತಿತ್ತು. ಆಮೇಲೆ ಕತ್ತಿನ ಹತ್ತಿರ ಹೊಳೆಯುತ್ತಿದ್ದ ಕತ್ತಿಯ ಕಡೆ ಕಣ್ಣು ಹೊರಳಿಸಿದ.

"ಮೊದಲು ಅದನ್ನ ಕೆಳಗಿಡಿ. ಆಮೇಲೆ ಮಾತಾಡೋಣ."

ಹೌದಪ್ಪ ಕತ್ತಿಯನ್ನು ಒರೆಸಿ ಹಲಗೆಯ ಮೇಲಿಟ್ಟ. ಪಕ್ಕದ ಕುರ್ಚಿಯನ್ನು ಮಾವನ ಕಡೆಗೆ ತಿರುಗಿಸಿಕೊಂಡು ಕೂತ. ಟೈಲರ್ ಬೆಂಚನ್ನು ದರದರ ಎಳೆದುಕೊಂಡು ಹತ್ತಿರ ಬಂದ. ಮಾವನ ಬಲಗಲ್ಲದ ಗಡ್ಡ ಮಧ್ಯಾಹ್ನದವರೆಗೂ ಹಾಗೇ ಇತ್ತು.